ಕತ್ತರಿ ಆಡುವ ಮೊದಲೇ ದರ ಮಾತಾಡಿ: ಕೌದಿ ಗಿರಾಕಿಗಳಿಗೂ ಮೇಳದ ಅಧಿಕಾರಿಗಳಿಗೂ ಒಂದು ಬಹಿರಂಗ ಪತ್ರ

ಕೊಪ್ಪಳ, ರಾಯಚೂರು, ಬಳ್ಳಾರಿ ಸೀಮೆಯಲ್ಲಿ ಕೌದಿ (ಹಳೇ ಸೀರೆಯ ಪದರ ಸೇರಿಸಿ ಕೈಯಲ್ಲಿ ಹೊಲಿದ ಹೊದಿಕೆ) ಕೊಳ್ಳುವ, ಹೊಲಿಸುವ ಎಲ್ಲ ಅಕ್ಕಂದಿರಿಗೆ, ಅಣ್ಣಂದಿರಿಗೆ, ಹಾಗೆಯೇ ಈ ಜಿಲ್ಲೆಗಳಲ್ಲಿ ಉತ್ಸವ, ಮೇಳ, ಮಾರಾಟ ಮಳಿಗೆಗಳ ಉಸ್ತುವಾರಿ ನೋಡುವ ಸಾಹೇಬರಿಗೆ, ಕೊಪ್ಪಳ ಭಾಗದಲ್ಲಿ ಕೌದಿ ಹೊಲಿಯುವ ಹೆಣ್ಣುಮಕ್ಕಳ ಶರಣು ಶರಣಾರ್ಥಿ.

"ಭಾಳ ತುಟ್ಟಿ ಆತ್ರಿ ಅಕ್ಕಾರ. ಹಳೇ ಸೀರೀನ ಅಲ್ಲೇನ್ರಿ ಇದು?" ಕೌದಿ ಹರವಿ ಕೂತಲ್ಲೆಲ್ಲ ಈ ಮಾತು ಬರುತ್ತದೆ. ದರ ಕೇಳಿ "ಬ್ಯಾಡ್ರಿ" ಅಂತ ಎದ್ದು ಹೋಗುವುದರಲ್ಲಿ ತಪ್ಪೇನೂ ಇಲ್ಲ. ರೊಕ್ಕ ನಿಮ್ಮದು, ಬೇಕು ಬೇಡ ನಿಮ್ಮದು. ನಮಗೆ ಕಷ್ಟ ಆಗುವುದು ಬೇರೆ ಕಡೆ. "ಮಾಡಿರಿ, ಆಮ್ಯಾಲೆ ನೋಡೂಣು" ಅಂತ ಸೀರೆ ಕೊಟ್ಟು ಹೋಗಿ, ಆ ಸೀರೆ ತುಂಡಾಗಿ ಅರ್ಧ ಹೊಲಿಗೆ ಮುಗಿದ ಮೇಲೆ ದರ ಕೇಳಿ ಹಿಂದೆ ಸರಿಯುತ್ತಾರಲ್ಲ, ಅಲ್ಲಿ. ಕತ್ತರಿ ಆಡಿದ ಸೀರೆ ಮತ್ತೆ ಸೀರೆ ಆಗುವುದಿಲ್ಲ. ನಿಮ್ಮ ತಾಯಿಯ ಇಳಕಲ್ ಸೀರೆಯ ಸೆರಗು ಹಾಕಿದ ಕೌದಿಯನ್ನು ಇನ್ನೊಬ್ಬರು ಕೊಳ್ಳುವುದೂ ಇಲ್ಲ. ಅದಕ್ಕೇ ದರ ಎಲ್ಲಿಂದ ಬರುತ್ತದೆ, ಎಲ್ಲಿ ಇಳಿಸಬಹುದು, ಎಲ್ಲಿ ಇಳಿಸಲಾಗದು ಎಂಬ ಲೆಕ್ಕವನ್ನೆಲ್ಲ ಬಿಚ್ಚಿ ಇಡುತ್ತಿದ್ದೇವೆ.

ಒಬ್ಬರು ಹೊದೆಯುವ ಸಾಮಾನ್ಯ ಕೌದಿ 5 ಅಡಿ ಅಗಲ, 7 ಅಡಿ ಉದ್ದ. ನಾಲ್ಕು ಪದರ: ಮೇಲೆ ತುಂಡು ಜೋಡಿಸಿದ ಪದರ, ಒಳಗೆ ಎರಡು, ಕೆಳಗೆ ಅಸ್ತರ. ಒಂದು ಸೀರೆ ಸುಮಾರು ಐದೂವರೆ ಮೀಟರು. ಒಳಪದರ, ಅಸ್ತರಕ್ಕೆ ಎರಡು ಸೀರೆ ಸಾಕು. ಮೇಲಿನ ಪದರದ ಬಣ್ಣಕ್ಕೆ ಬೇರೆ ಬೇರೆ ಎರಡು ಮೂರು ಸೀರೆ ಬೇಕು. ಒಟ್ಟು 4ರಿಂದ 5 ಹತ್ತಿ ಸೀರೆ. ಮೇಲ್ಪದರಕ್ಕೆ 6 ಇಂಚಿನ ಚೌಕ ಇಟ್ಟರೆ ಅಗಲಕ್ಕೆ 10, ಉದ್ದಕ್ಕೆ 14, ಒಟ್ಟು 140 ತುಂಡು. ಹೊಲಿಗೆಯ ಮಡಿಕೆಗೆ ಎಲ್ಲ ಅಂಚಿಗೂ ಕಾಲು ಇಂಚು ಬಿಡಬೇಕು, ಹಾಗಾಗಿ ಕತ್ತರಿಸುವುದು ಆರೂವರೆ ಇಂಚು. ಈ ಕಾಲು ಇಂಚು ಉಳಿಸಲು ಹೋದ ಕೌದಿಯೇ ಮೂರನೆಯ ಒಗೆತಕ್ಕೆ ಜೋಡು ಬಿಡುವುದು.

ತುಂಡು ಜೋಡಿಸುವುದನ್ನು ನಮ್ಮಲ್ಲಿ ಬಹಳ ಮಂದಿ ಮಷೀನಿನಲ್ಲೇ ಮಾಡುತ್ತೇವೆ. ಅದನ್ನು ಮುಚ್ಚಿಡುವುದಿಲ್ಲ. ಕೌದಿಯನ್ನು ಕೌದಿ ಮಾಡುವುದು ಆ ಜೋಡು ಅಲ್ಲ, ನಾಲ್ಕೂ ಪದರವನ್ನು ಒಂದಾಗಿ ಹಿಡಿಯುವ ಸಾಲುಹೊಲಿಗೆ. ಅದು ಕೈಯಲ್ಲೇ ಆಗಬೇಕು. ಕೌದಿಯ ಮೇಲೆ ಬಲಗೈ, ಕೆಳಗೆ ಎಡಗೈ. ಸೂಜಿ ನಾಲ್ಕೂ ಪದರ ದಾಟಿತು ಅನ್ನುವುದು ಕೆಳಗಿನ ಬೆರಳಿಗೆ ಚುಚ್ಚಿಯೇ ಗೊತ್ತಾಗಬೇಕು. ಆ ಬೆರಳೇ ಮೊನೆಯನ್ನು ಮೇಲಕ್ಕೆ ದೂಡುತ್ತದೆ. ಅದಕ್ಕೇ ಆ ಬೆರಳಿಗೆ ಬಟ್ಟೆ ಸುತ್ತಿಕೊಂಡಿರುತ್ತೇವೆ. ನಾಲ್ಕು ಹೊಲಿಗೆ ಸೂಜಿಯ ಮೇಲೆ ಏರಿದ ಮೇಲೆ ದಾರ ಎಳೆಯುವುದು. ಇಂಚಿಗೆ 3 ಹೊಲಿಗೆಯಂತೆ 84 ಇಂಚಿನ ಒಂದು ಸಾಲಿಗೆ 252 ಹೊಲಿಗೆ, 63 ಎಳೆತ. ಸಾಲಿನಿಂದ ಸಾಲಿಗೆ ಅರ್ಧ ಇಂಚು ಇಟ್ಟರೆ 60 ಇಂಚಿನ ಅಗಲದಲ್ಲಿ 120 ಸಾಲು. ಅಂದರೆ 30,240 ಹೊಲಿಗೆ. ಬರೀ ಸಾಲಿನ ಉದ್ದವೇ 840 ಅಡಿ. ಪದರದೊಳಗೆ ಇಳಿದು ಏಳುವ ಅಳತೆ ಸೇರಿಸಿದರೆ ದಾರ 300 ಮೀಟರು ಮೀರುತ್ತದೆ.

ಪಳಗಿದ ಕೈಗೂ ಒಂದು ಸಾಲಿಗೆ ಅರ್ಧ ತಾಸು ಬೇಕು. ನಡುವೆ ದಾರ ಪೋಣಿಸಬೇಕು, ಗಂಟು ಹಾಕಬೇಕು, ಕೌದಿ ಸರಿಸಿಕೊಳ್ಳಬೇಕು, ಅದೆಲ್ಲ ಸೇರಿ. 120 ಸಾಲಿಗೆ 60 ತಾಸು. ಸೀರೆ ಒಗೆದು, ಹರಿದ ಭಾಗ ತೆಗೆದು, ಇಸ್ತ್ರಿ ಮಾಡಿ ಕತ್ತರಿಸಲು 6 ತಾಸು, ತುಂಡು ಜೋಡಿಸಲು 8, ಪದರ ಹಾಸಿ ಅವು ಸರಿಯದಂತೆ ಕಚ್ಚಾ ಹೊಲಿಗೆ ಹಾಕಲು 2, ಕೊನೆಗೆ ಅಂಚು ಕಟ್ಟಲು 4. ಎಲ್ಲ ಸೇರಿ 80 ತಾಸು. ದಿನಕ್ಕೆ 8 ತಾಸಿನಂತೆ 10 ದಿನದ ಕೆಲಸ.

ಈಗ ಕೂಲಿಯ ಮಾತು. ಉದ್ಯೋಗ ಖಾತ್ರಿಯಲ್ಲಿ 2025-26ಕ್ಕೆ ಕರ್ನಾಟಕಕ್ಕೆ ಗೊತ್ತು ಮಾಡಿದ ದಿನಗೂಲಿ 370 ರೂಪಾಯಿ. ಅದು ಮಣ್ಣು ಅಗೆಯುವ, ಬುಟ್ಟಿ ಹೊರುವ ಕೆಲಸದ ಕೂಲಿ, ಕಸುಬಿನ ಕೂಲಿಯೂ ಅಲ್ಲ. ಕಸುಬಿನ ದರ ಬಿಟ್ಟು ಅದನ್ನೇ ಹಿಡಿದರೂ 10 ದಿನಕ್ಕೆ 3,700 ಆಯಿತು. ದಾರ, ಸೂಜಿ, ಸಾಬೂನು, ಮಷೀನಿನ ಖರ್ಚು, ಹೋಗಿಬರುವ ಬಸ್ ಚಾರ್ಜು ಅಂತ 500 ಸೇರಿಸಿದರೆ 4,200. ಇದು ಸೀರೆ ನೀವೇ ಕೊಟ್ಟಾಗಿನ ದರ. ಬಟ್ಟೆ ನಮ್ಮದಾದರೆ ಅದರ ಬೆಲೆ ಬೇರೆ. ಇದರಲ್ಲಿ ಲಾಭ ಅಂತ ಒಂದು ಸಾಲನ್ನೂ ನಾವು ಬರೆದಿಲ್ಲ, ಗಮನಿಸಿ.

"ನಮ್ಮ ಅವ್ವನ ಕಾಲಕ್ಕ ಇಷ್ಟ ಇರಲಿಲ್ಲ" ಅನ್ನುವವರಿಗೆ ಒಂದು ಮಾತು. ಆಗ ಕೌದಿ ಹೊಲಿಯುವವರು ಮನೆಗೇ ಬಂದು ಕಟ್ಟೆಯ ಮೇಲೆ ಕೂತು ಹೊಲಿಯುತ್ತಿದ್ದರು. ಎರಡು ಹೊತ್ತಿನ ರೊಟ್ಟಿ, ಚಹಾ ಮನೆಯದೇ. ಮೇಲೆ ಜೋಳ, ಒಂದು ಹಳೇ ಸೀರೆ. ಕೈಗೆ ಕೊಟ್ಟ ರೊಕ್ಕ ಮಾತ್ರ ನಿಮ್ಮ ನೆನಪಿನಲ್ಲಿ ಉಳಿದಿದೆ, ಜೋಳದ ಸೇರು ಉಳಿದಿಲ್ಲ.

ಇನ್ನು ಅಂಗಡಿಯ ರಗ್ಗಿನ ಜೊತೆ, ಸೋಲಾಪುರ ಚಾದರದ ಜೊತೆ ಹೋಲಿಕೆ. ಚಾದರ ಒಳ್ಳೆಯ ವಸ್ತುವೇ; ಅದು ಮಗ್ಗದ್ದು, ಇದು ಸೂಜಿಯದ್ದು, ಎರಡಕ್ಕೂ ಒಂದೇ ತಕ್ಕಡಿ ಆಗುವುದಿಲ್ಲ. ಮಿಂಚುವ ಪಾಲಿಯೆಸ್ಟರ್ ರಗ್ಗು ಮಾತ್ರ ನಮ್ಮ ಸೀಮೆಗೆ ಹೊಂದುವುದಲ್ಲ. ರಾಯಚೂರಿನ ಬೇಸಿಗೆ 40 ಡಿಗ್ರಿ ದಾಟುತ್ತದೆ. ಹಳೇ ಹತ್ತಿ ಬೆವರು ಹೀರುತ್ತದೆ, ಗಾಳಿ ಬಿಡುತ್ತದೆ, ಪಾಲಿಯೆಸ್ಟರ್ ಎರಡನ್ನೂ ಮಾಡುವುದಿಲ್ಲ. ಚಳಿಗಾಲಕ್ಕೆ ಹೊದ್ದ ಕೌದಿಯನ್ನೇ ಬೇಸಿಗೆಗೆ ಮಡಿಸಿ ಹಾಸಿಕೊಳ್ಳಬಹುದು.

ಹೋಲಿಸಬೇಕಾದದ್ದು ಕೌದಿ ಅಂತ ಹೇಳಿ ಮಾರುವ ಮಷೀನ್ ಮಾಲಿನ ಜೊತೆ. ಗುರುತು ಹಿಡಿಯುವುದು ಸುಲಭ. ಕೌದಿ ಮಗುಚಿ ಹೊಲಿಗೆ ನೋಡಿ. ಕೈಹೊಲಿಗೆಯಲ್ಲಿ ಒಂದು ಟಾಕಾ, ಒಂದು ಖಾಲಿ ಜಾಗ, ಮತ್ತೊಂದು ಟಾಕಾ. ಎರಡೂ ಮೈಯಲ್ಲಿ ಹಾಗೇ ಬಿಟ್ಟು ಬಿಟ್ಟು ಕಾಣುತ್ತದೆ, ಅಲ್ಲಲ್ಲಿ ಒಂದು ಕೂದಲೆಳೆ ಹೆಚ್ಚುಕಡಿಮೆ ಇರುತ್ತದೆ. ಮಷೀನ್ ಹೊಲಿಗೆ ಗೆರೆ ಎಳೆದಂತೆ ಎಲ್ಲೂ ಬಿಡದೆ ಓಡುತ್ತದೆ. ಇನ್ನೊಂದು ಮೋಸ, ತುಂಡು ಜೋಡಿಸಿದಂತೆ ಕಾಣುವ ಅಚ್ಚಿನ ಬಟ್ಟೆ. ಎರಡು ಬಣ್ಣ ಕೂಡುವಲ್ಲಿ ಹೆಬ್ಬೆರಳು ಆಡಿಸಿ. ನಿಜವಾದ ಜೋಡಿನಲ್ಲಿ ಮಡಿಕೆಯ ಉಬ್ಬು ಸಿಗುತ್ತದೆ, ಅಚ್ಚಿನಲ್ಲಿ ಬಟ್ಟೆ ನುಣ್ಣಗೆ ಇರುತ್ತದೆ. ಆ ಮಾಲು ಅಗ್ಗಕ್ಕೆ ಸಿಕ್ಕರೆ ತೆಗೆದುಕೊಳ್ಳಿ, ಬೇಡ ಅನ್ನುವುದಿಲ್ಲ. ಅದರ ದರ ತಂದು ನಮ್ಮ ಮುಂದೆ ಇಡಬೇಡಿ ಅಷ್ಟೇ.

ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿ "ಹಿಂಗ ಬೇಕು, ಆದ್ರ ಆ ದರಕ್ಕ" ಅನ್ನುವವರೂ ಇದ್ದಾರೆ. ಎಷ್ಟೋ ಸಲ ಆ ಚಿತ್ರ ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಹೆಣ್ಣುಮಕ್ಕಳ ಕೌದಿಯದ್ದು. ಅವರದು ಮೂಲೆಯಿಂದ ಹೊರಟು ಅಂಚಿನ ಸುತ್ತ ಬಂದು ಒಳಕ್ಕೆ ಸಾಗುವ ಹೊಲಿಗೆ, ಮೂಲೆಗಳಲ್ಲಿ ಮಡಿಸಿದ ತ್ರಿಕೋನದ ಹೂವು. ಅದರ ಹೆಚ್ಚುಗಾರಿಕೆಯೇ ಬೇರೆ, ಶ್ರಮವೂ ಬೇರೆ. ಅದು ಬೇಕಿದ್ದರೆ ಅವರ ಹತ್ತಿರವೇ ಕೊಳ್ಳಿ.

ಹಾಗಾದರೆ ಕೈಯಲ್ಲಿ 4,200 ಇಲ್ಲದವರು ಏನು ಮಾಡಬೇಕು? ಈ ಪತ್ರ ಬರೆದದ್ದೇ ಇದಕ್ಕಾಗಿ. ಕೂಲಿ ಕಡಿಮೆ ಮಾಡಿ ಅನ್ನಬೇಡಿ, ಕೌದಿಯಲ್ಲಿ ಕೆಲಸ ಕಡಿಮೆ ಮಾಡಿ ಅನ್ನಿ. ಅದಕ್ಕೆ ದಾರಿ ಉಂಟು.

ಮೊದಲನೆಯದು ಸಾಲಿನ ಅಂತರ. ಅರ್ಧ ಇಂಚಿನ ಬದಲು ಒಂದು ಇಂಚು ಇಟ್ಟರೆ 120 ಸಾಲು 60 ಆಗುತ್ತದೆ, ಸಾಲುಹೊಲಿಗೆಯ 60 ತಾಸು 30ಕ್ಕೆ ಇಳಿಯುತ್ತದೆ. ಒಟ್ಟು 50 ತಾಸು, ಆರು ದಿನದ ಮೇಲೆ ಒಂದಿಷ್ಟು. ದರ ಸುಮಾರು 2,800ಕ್ಕೆ ಬಂತು. ಆದರೆ ಇದಕ್ಕೊಂದು ಷರತ್ತು. ಒಳಪದರ ಇಡೀ ಬಟ್ಟೆಯದಾಗಿರಬೇಕು. ಒಳಗೆ ಚಿಂದಿ ತುಂಬಿದ್ದರೆ ಇಂಚಿನ ಅಂತರ ಸಾಲದು. ಎರಡು ಸಾಲಿನ ನಡುವೆ ಚಿಂದಿ ಜಾರಿ, ಒಗೆದಾಗ ಒಂದು ಕಡೆ ಗಂಟು, ಒಂದು ಕಡೆ ಬಯಲು ಆಗುತ್ತದೆ. "ಕೌದಿ ಗಂಟ್ ಗಂಟ್ ಆತು" ಅಂತ ಬರುವ ದೂರಿಗೆ ಮುಕ್ಕಾಲು ಪಾಲು ಇದೇ ಕಾರಣ.

ಎರಡನೆಯದು ಅಳತೆ. ಎರಡೂವರೆ ಅಡಿ ಅಗಲ, ಮೂರು ಅಡಿ ಉದ್ದದ ತೊಟ್ಟಿಲ ಕೌದಿಗೆ ಅರ್ಧ ಇಂಚಿನ ಸಾಲೇ ಇಟ್ಟರೂ 60 ಸಾಲು, ಎಲ್ಲ ಸೇರಿ 180 ಅಡಿ. ಸಾಲುಹೊಲಿಗೆಗೆ 13 ತಾಸು, ಉಳಿದದ್ದಕ್ಕೆ 5. ಸಾಮಾನು ಸೇರಿ ಸಾವಿರ ರೂಪಾಯಿಯೊಳಗೆ ಮುಗಿಯುತ್ತದೆ. ಅವ್ವನ ಸೀರೆಯ ನೆನಪು ಬೇಕು ಅನ್ನುವವರಿಗೆ ಹಾಸಿಗೆಯಷ್ಟು ದೊಡ್ಡದೇ ಆಗಬೇಕೆಂದಿಲ್ಲ, ಮೊಮ್ಮಗುವಿನ ತೊಟ್ಟಿಲಷ್ಟಾದರೂ ಸಾಕು.

ಮೂರನೆಯದು ನಿಮ್ಮ ಕೈಕೆಲಸ. ಸೀರೆ ಒಗೆದು, ಫಾಲ್ ಬಿಚ್ಚಿ, ಇಸ್ತ್ರಿ ಮಾಡಿ ತಂದರೆ ಆ 6 ತಾಸಿನಲ್ಲಿ 3 ತಾಸು ಉಳಿಯುತ್ತದೆ, ಅಷ್ಟು ಕೂಲಿ ಬಿಡುತ್ತೇವೆ. ದಾರದಲ್ಲಿ ಮಾತ್ರ ಉಳಿತಾಯ ಬೇಡ. ಗಟ್ಟಿ ಹತ್ತಿ ದಾರವೇ ಬೇಕು. ಪಾಲಿಯೆಸ್ಟರ್ ದಾರ ಹಳೇ ಸೀರೆಗಿಂತ ಗಟ್ಟಿ, ಎಳೆದಾಡಿದಾಗ ದಾರ ಉಳಿದು ಬಟ್ಟೆ ಹರಿಯುತ್ತದೆ.

ಬಟ್ಟೆ ಆರಿಸುವಾಗ ಎಡವಿದರೆ ಯಾವ ಕೈಯೂ ಆ ಕೌದಿಯನ್ನು ಉಳಿಸಲಾರದು. ಸೀರೆಯನ್ನು ಎರಡೂ ಹೆಬ್ಬೆರಳ ನಡುವೆ ಹಿಡಿದು ಜಗ್ಗಿ ನೋಡಿ. ಚರ್ ಅಂದರೆ ಅದು ಮೇಲ್ಪದರಕ್ಕೆ ಬೇಡ, ಒಳಗೆ ಹಾಕೋಣ. ಬಣ್ಣ ಬಿಡುವ ಸೀರೆಗೆ ಒಂದು ಪರೀಕ್ಷೆ: ಮೂಲೆ ನೆನೆಸಿ, ಬಿಳಿ ಬಟ್ಟೆಯ ನಡುವೆ ಇಟ್ಟು, ಮೇಲೊಂದು ಭಾರ ಹೇರಿ ಒಂದು ತಾಸು ಬಿಡಿ. ಬಿಳಿ ಬಟ್ಟೆ ಕೆಂಪಾದರೆ ಆ ಸೀರೆ ಬೇರೆಯೇ ಇರಲಿ. ಉಪ್ಪುನೀರಿನಲ್ಲಿ ಅದ್ದಿದರೆ ಬಣ್ಣ ನಿಲ್ಲುತ್ತದೆ ಎಂದು ನಂಬಿ ಕೂಡಬೇಡಿ. ಹಳೇ ಸೀರೆಯ ನಡುವೆ ಹೊಸ ಬಟ್ಟೆ ಸೇರಿಸುವುದಾದರೆ ಎರಡು ಸಲವಾದರೂ ಒಗೆದಿರಬೇಕು. ಹಳೆಯದು ಕುಗ್ಗುವಷ್ಟು ಕುಗ್ಗಿ ಮುಗಿದಿರುತ್ತದೆ, ಹೊಸದು ಕೌದಿಯೊಳಗೆ ಕೂತು ಕುಗ್ಗಿ ಸುತ್ತಲಿನದನ್ನೆಲ್ಲ ಮುದುರಿಸುತ್ತದೆ. ಸಿಂಥೆಟಿಕ್ ಸೀರೆ ಬಣ್ಣಕ್ಕೆ ಚೆಂದ ಕಂಡರೂ ಸೂಜಿಗೆ ಜಾರುತ್ತದೆ, ಇಸ್ತ್ರಿಗೆ ಕರಗುತ್ತದೆ.

ಬಳ್ಳಾರಿ ಕಡೆಯವರು ಜೀನ್ಸ್ ಕಾರ್ಖಾನೆಯ ಕಟ್‌ಪೀಸ್ ತಂದು ಕೌದಿ ಕೇಳುತ್ತಾರೆ. ಬಟ್ಟೆ ಅಗ್ಗ, ನಿಜ. ಆದರೆ ಜೀನ್ಸಿನ ಜೋಡು ಕೂಡುವಲ್ಲಿ ದಪ್ಪ ಹೆಚ್ಚಿ ಸೂಜಿ ಮುರಿಯುತ್ತದೆ, ಕೈ ಎರಡೇ ದಿನಕ್ಕೆ ಸೋಲುತ್ತದೆ. ನೀಲಿಯೂ ಬಹಳ ದಿನ ಬಿಡುತ್ತಲೇ ಇರುತ್ತದೆ. ಅದಕ್ಕೆ ಸಾಲುಹೊಲಿಗೆ ಬೇಡ. ಮೂರು ಸಲ ಒಗೆದ ಜೀನ್ಸು ಮೇಲೆ, ಕೆಳಗೆ ಗಾಢ ಬಣ್ಣದ ಒಂದೇ ಹತ್ತಿ ಪದರ, ನಾಲ್ಕು ಇಂಚಿಗೊಂದು ಗಟ್ಟಿ ಗಂಟು ಹಾಕಿ ಹಿಡಿಯುವುದು. ಹಾಸಲು ಚಲೋ, ಹೊದೆಯಲು ಭಾರ. ತಾಸು ಕಡಿಮೆ ಹಿಡಿಯುವುದರಿಂದ ದರವೂ ಕಡಿಮೆ.

ನಮ್ಮ ಜೊತೆ ಕೌದಿ ಹೊಲಿಯುವ ಅಕ್ಕತಂಗಿಯರಿಗೂ ಇಲ್ಲಿ ಒಂದು ಮಾತು ಹೇಳಲೇಬೇಕು. "ತಿಳಿದಷ್ಟು ಕೊಡ್ರಿ" ಅನ್ನುವುದನ್ನು ಬಿಡೋಣ. ಗಿರಾಕಿಗೆ ತಿಳಿದಿರುವುದು ರಗ್ಗಿನ ದರ, ಅಷ್ಟನ್ನೇ ಕೊಡುತ್ತಾರೆ. 4,200 ಅಂದವರು ಗಿರಾಕಿ ಎದ್ದ ಕೂಡಲೇ 2,500ಕ್ಕೆ ಇಳಿದರೆ ಮೊದಲು ಹೇಳಿದ್ದು ಸುಳ್ಳು ದರ ಎಂದಾಯಿತು. ಅದರ ಏಟು ಪಕ್ಕದಲ್ಲಿ ಕೂತವಳಿಗೂ ಬೀಳುತ್ತದೆ. ಇಳಿಸುವುದಾದರೆ ಏನನ್ನು ತೆಗೆದು ಇಳಿಸಿದೆವು ಅಂತ ಹೇಳಿಯೇ ಇಳಿಸೋಣ. ಸಾಲು ತೆಗೆದೆವೋ, ಪದರ ತೆಗೆದೆವೋ, ಅಳತೆ ತೆಗೆದೆವೋ.

ಮಾತು ಗಾಳಿಗೆ ಹೋಗದಂತೆ ಒಂದು ಚೀಟಿ ಬರೆಯುವ ರೂಢಿ ಮಾಡಿಕೊಂಡರೆ ಇಬ್ಬರಿಗೂ ಒಳ್ಳೆಯದು. ಅಳತೆ, ಪದರ ಎಷ್ಟು, ಸಾಲಿನ ಅಂತರ, ಬಟ್ಟೆ ಯಾರದು, ಒಟ್ಟು ದರ, ಕೊಡುವ ತಾರೀಖು. ಅರ್ಧ ರೊಕ್ಕ ಕತ್ತರಿ ಹಿಡಿಯುವ ಮೊದಲು. ಕಚ್ಚಾ ಹೊಲಿಗೆ ಆದ ದಿನ ಗಿರಾಕಿ ಬಂದು ನೋಡಬೇಕು, ಬರಲಾಗದಿದ್ದರೆ ಫೋಟೊ ಕಳಿಸುತ್ತೇವೆ. ಬಣ್ಣದ ಜಾಗ ಬದಲಿಸುವುದಿದ್ದರೆ ಅದೇ ಕೊನೆಯ ಗಳಿಗೆ, ಆಮೇಲೆ ಒಂದು ತುಂಡು ಬದಲಿಸಲೂ ಹನ್ನೆರಡು ಸಾಲು ಬಿಚ್ಚಬೇಕು. ಕತ್ತರಿಸುವ ಮೊದಲು ಬೇಡ ಅಂದರೆ ಮುಂಗಡ ಪೂರ್ತಿ ವಾಪಸ್. ಆಮೇಲೆ ಬೇಡ ಅಂದರೆ ಆದಷ್ಟು ತಾಸಿನ ಕೂಲಿ ಹಿಡಿದು, ಉಳಿದ ರೊಕ್ಕವನ್ನೂ ಬಟ್ಟೆಯ ಗಂಟನ್ನೂ ಕೊಡುತ್ತೇವೆ. ತಪ್ಪು ನಮ್ಮದಾದರೆ, ಸಾಲು ಸೊಟ್ಟ ಬಂದಿದ್ದರೆ, ಹೊಲಿಗೆ ಬಿಗಿಯಾಗಿ ಕೌದಿ ಮುದುರಿದ್ದರೆ, ಬಿಚ್ಚಿ ಮತ್ತೆ ಹೊಲಿದುಕೊಡುವುದು ನಮ್ಮ ಖರ್ಚಿನಲ್ಲಿ. ಬಿತ್ತನೆ, ಕಳೆ ತೆಗೆಯುವ ದಿನಗಳಲ್ಲಿ ಹತ್ತು ದಿನದ ಕೆಲಸಕ್ಕೆ ಒಂದು ತಿಂಗಳ ವಾಯಿದೆ ಕೇಳುತ್ತೇವೆ. ಹೊಲದ ಕೆಲಸ ಕಾಯುವುದಿಲ್ಲ, ಕೌದಿ ಕಾಯುತ್ತದೆ.

ಇನ್ನು ಅಧಿಕಾರಿಗಳಲ್ಲಿ ಅರಿಕೆ.

ಕಿನ್ನಾಳದ ಗೊಂಬೆಗೆ, ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ನಮಗೆ ಅದರ ಬಗ್ಗೆ ಹೆಮ್ಮೆಯೂ ಇದೆ. ಅದೇ ಸಾಲಿನ ಮಳಿಗೆಯಲ್ಲಿ ಕೌದಿ ಮಾತ್ರ ಹಳೇ ಬಟ್ಟೆಯ ಲೆಕ್ಕಕ್ಕೆ ಬೀಳುತ್ತದೆ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಇದ್ದಾನೆ, ಬುಟ್ಟಿ ಹೆಣೆಯುವವರು, ಹಾರ ಕಟ್ಟುವವರು ಇದ್ದಾರೆ, ಕೌದಿ ಹೊಲಿಯುವವಳ ಹೆಸರಿಲ್ಲ. ಅದನ್ನು ಸೇರಿಸುವುದು ನಿಮ್ಮ ಕೈಯಲ್ಲಿ ಇಲ್ಲ, ಗೊತ್ತು. ಆದರೆ ಕರಕುಶಲಕರ್ಮಿಗಳಿಗೆ ಕೇಂದ್ರದ ಜವಳಿ ಇಲಾಖೆ ಕೊಡುವ ಪೆಹಚಾನ್ ಗುರುತಿನ ಚೀಟಿಗೆ ನಮ್ಮ ಅರ್ಜಿ ತುಂಬಿಸಲು ಊರಿಗೆ ಒಂದು ದಿನ ಒಬ್ಬರನ್ನು ಕಳಿಸುವುದು ನಿಮ್ಮಿಂದ ಆಗುವ ಕೆಲಸ.

ಆನೆಗೊಂದಿ, ಕನಕಗಿರಿ ಉತ್ಸವದಂಥ ಕಡೆ ಮಳಿಗೆ ಕೊಡುವಾಗ ಕೌದಿಗೆ ಮೇಜು ಸಾಲದು. ಮೇಜಿನ ಮೇಲೆ ಮಡಿಸಿಟ್ಟ ಕೌದಿ ಬಟ್ಟೆಯ ಗಂಟಿನಂತೆ ಕಾಣುತ್ತದೆ. 7 ಅಡಿ ಉದ್ದದ್ದು ಪೂರ್ತಿ ತೂಗಬೇಕಾದರೆ ನೆಲದಿಂದ 8 ಅಡಿ ಎತ್ತರಕ್ಕೆ ಒಂದು ಅಡ್ಡ ಬಿದಿರು ಬೇಕು, ಕೆಳಗೆ ಕೂತು ಹೊಲಿದು ತೋರಿಸಲು ಒಂದು ಚಾಪೆಯ ಜಾಗ ಬೇಕು. ಒಂದು ಸಾಲು ಮುಗಿಯುವುದನ್ನು ಕಣ್ಣಾರೆ ನಿಂತು ನೋಡಿದವರು ದರದ ತಕರಾರು ತೆಗೆಯುವುದು ಕಡಿಮೆ. ಮಳಿಗೆಯ ಹೊರಗೆ ತಾಸು, ಕೂಲಿ, ಸಾಮಾನಿನ ಈ ಲೆಕ್ಕವನ್ನು ದೊಡ್ಡ ಅಕ್ಷರದಲ್ಲಿ ಬರೆದ ಒಂದು ಫಲಕವನ್ನು ಆಡಳಿತದ ಹೆಸರಿನಲ್ಲೇ ತೂಗುಹಾಕಿಸಿ. ನಾವು ಹೇಳಿದರೆ ಅದು ವ್ಯಾಪಾರದ ಮಾತು ಅನ್ನಿಸುತ್ತದೆ.

ಅತಿಥಿಗಳಿಗೆ ಕೊಡಲೆಂದು ಕೌದಿ ಕೊಳ್ಳುವಾಗ ಎಲ್ಲರಿಗಿಂತ ಕಡಿಮೆ ದರ ಬರೆದವರಿಗೇ ಆರ್ಡರ್ ಎಂಬ ನಿಯಮ ಇಟ್ಟರೆ ಮಷೀನ್ ಮಾಲೇ ಗೆಲ್ಲುತ್ತದೆ. ಪಟ್ಟಿಯಲ್ಲಿ "ಕೈಹೊಲಿಗೆ, ಹತ್ತಿ, ನಾಲ್ಕು ಪದರ, ಸಾಲಿನ ಅಂತರ ಇಷ್ಟು" ಅಂತ ಬರೆದು, ಬಂದ ಮಾಲನ್ನು ಮಗುಚಿ ನೋಡಿ ತೆಗೆದುಕೊಳ್ಳಿ. 20 ತೊಟ್ಟಿಲ ಕೌದಿಗೆ ಮೇಲೆ ಹೇಳಿದ ಲೆಕ್ಕದಲ್ಲಿ 360 ತಾಸು, ಐದು ಮಂದಿ ದಿನಕ್ಕೆ 8 ತಾಸು ಕೂತರೆ 9 ದಿನ. ಉತ್ಸವಕ್ಕೆ ನಾಲ್ಕು ದಿನ ಇದೆ ಅನ್ನುವಾಗ ಹೇಳಿ ಕಳಿಸಬೇಡಿ. ಒಂದು ತಿಂಗಳು ಮೊದಲು ಹೇಳಿ, ಅರ್ಧ ಮುಂಗಡ ಕೊಡಿ. ಉಳಿದರ್ಧ ಕೌದಿ ಎಣಿಸಿಕೊಂಡ ದಿನವೇ ಬರಲಿ.

ಕೌದಿ ಈಗಾಗಲೇ ಮನೆಗೆ ಒಯ್ದವರಿಗೆ ಕೊನೆಯದಾಗಿ: ನೆನೆದ ಕೌದಿ ಬಹಳ ಭಾರ. ಹಗ್ಗದ ಮೇಲೆ ಹಾಕಿದರೆ ಆ ಭಾರವೆಲ್ಲ ನಡುವಿನ ಹೊಲಿಗೆಯ ಮೇಲೆ ಬಿದ್ದು ದಾರ ಕಡಿಯುತ್ತದೆ. ಹಿಂಡದೆ ನೀರು ಸೋರಲು ಬಿಟ್ಟು, ಹೊರಸಿನ ಮೇಲೆ ಹರವಿ, ಒಂದು ಮೈ ಒಣಗಿದ ಮೇಲೆ ಮಗುಚಿ ಹಾಕಿ. ಎಲ್ಲಾದರೂ ದಾರ ಕಡಿದಿದ್ದರೆ ಎಳೆಯಬೇಡಿ, ಹಾಗೇ ತನ್ನಿ. ಒಂದೆರಡು ಸಾಲು ಹೊಲಿದುಕೊಡಲು ನಾವು ರೊಕ್ಕ ಕೇಳುವುದಿಲ್ಲ.

ಇತಿ,
ಕೊಪ್ಪಳ ಭಾಗದ ಕೌದಿ ಹೊಲಿಯುವ ಹೆಣ್ಣುಮಕ್ಕಳು